ತೆಳ್ಳೇವಿನಷ್ಟು ತೆಳ್ಳಗೆ: ಕ್ಷಿಪ್ರ ಘನೀಕರಣದಿಂದ ಬಲವಾದ ಅಲ್ಯೂಮಿನಿಯಂ

ಶಿರಸಿಯಲ್ಲಿ ಅಡಿಕೆ ಸುಲಿಯುವ ಯಂತ್ರದ ಬಿಡಿಭಾಗಗಳಿಗೆ ಎರಕ ಹೊಯ್ಯುವವರು, ಕಾರವಾರದ ಬೈತಖೋಲದಲ್ಲಿ ದೋಣಿ ಎಂಜಿನ್ ರಿಪೇರಿ ಮಾಡುವವರು, ಕೊನೆಯ ವರ್ಷದ ಪ್ರಾಜೆಕ್ಟಿಗೆ ವಿಷಯ ಹುಡುಕುವ ಡಿಪ್ಲೊಮಾ ವಿದ್ಯಾರ್ಥಿಗಳು, ಎಲ್ಲರೂ ತಮ್ಮ ತಮ್ಮ ಮಾತಿನಲ್ಲಿ ನನ್ನನ್ನು ಕೇಳುವುದು ಒಂದೇ ಪ್ರಶ್ನೆ. ಕರಗಿದ ಅಲ್ಯೂಮಿನಿಯಂ ಅನ್ನು ಬೇಗ ತಣಿಸಿದರೆ ಹೆಚ್ಚು ಗಟ್ಟಿಯಾಗುತ್ತದಂತೆ, ಹೌದೆ? ನಾವೂ ಮಾಡಬಹುದೆ? ಮೊದಲನೆಯದಕ್ಕೆ ಉತ್ತರ ಹೌದು. ಎರಡನೆಯದಕ್ಕೆ ಅರ್ಧ ಹೌದು, ಅರ್ಧ ಇಲ್ಲ. ಎಲ್ಲಿಯವರೆಗೆ ಹೌದು, ಎಲ್ಲಿಂದ ಇಲ್ಲ ಎಂಬುದನ್ನು ಹಂತ ಹಂತವಾಗಿ ಹೇಳುತ್ತೇನೆ.

ಅದಕ್ಕೂ ಮುನ್ನ ಒಂದು ಗೊಂದಲ ಕಳೆಯಬೇಕು. ಹತ್ತರಲ್ಲಿ ಎಂಟು ಜನ "ಬೇಗ ತಣಿಸುವುದು" ಎಂದಾಗ ಅವರ ಕಣ್ಣೆದುರು ಇರುವುದು ಕಮ್ಮಾರ ಕಾದ ಕತ್ತಿಯನ್ನು ನೀರಿಗೆ ಅದ್ದುವ ದೃಶ್ಯ. ಅದು ಹದ ಹಾಕುವುದು. ಆಗಲೇ ಗಟ್ಟಿಯಾಗಿರುವ ಲೋಹವನ್ನು ಕಾಯಿಸಿ ಅದ್ದುವ ಕೆಲಸ. ಅಲ್ಯೂಮಿನಿಯಂನಲ್ಲೂ ಅದು ಉಂಟು. ಸಿಲಿಕಾನ್ ಮತ್ತು ಮೆಗ್ನೀಷಿಯಂ ಇರುವ ಎರಕವನ್ನು 540 ಡಿಗ್ರಿ ಸೆಲ್ಸಿಯಸ್ ಹತ್ತಿರ ಕೆಲವು ಗಂಟೆ ಕಾಯಿಸಿ, ನೀರಿಗೆ ಹಾಕಿ, ಮತ್ತೆ 160 ಡಿಗ್ರಿಯ ಆಸುಪಾಸಿನಲ್ಲಿ ಕೆಲವು ಗಂಟೆ ಇಟ್ಟರೆ ಬಲ ಬರುತ್ತದೆ. ಕಾರ್ಖಾನೆಯ ಭಾಷೆಯಲ್ಲಿ ಇದಕ್ಕೆ ಟಿ6 ಎನ್ನುತ್ತಾರೆ. ನಾವು ಇಲ್ಲಿ ಮಾತನಾಡುತ್ತಿರುವ ಕ್ಷಿಪ್ರ ಘನೀಕರಣ ಬೇರೆಯೇ ಸಂಗತಿ: ದ್ರವವು ಘನವಾಗುವ ಆ ಕ್ಷಣವನ್ನೇ ಕುಗ್ಗಿಸುವುದು.

ಕುಗ್ಗಿಸಿದರೆ ಏನು ಲಾಭ? ಗೋಕರ್ಣದ ಹತ್ತಿರ ಸಾಣಿಕಟ್ಟಾದ ಉಪ್ಪಿನ ಆಗರವನ್ನು ನೋಡಿದವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ನೀರು ನಿಧಾನವಾಗಿ ಆರಿದಲ್ಲಿ ಹರಳು ದಪ್ಪ. ಜೋನಿಬೆಲ್ಲದ ಡಬ್ಬಿಯನ್ನು ತಿಂಗಳುಗಟ್ಟಲೆ ಅಲುಗಿಸದೆ ಇಟ್ಟರೆ ತಳದಲ್ಲಿ ಕಲ್ಲುಸಕ್ಕರೆಯಂಥ ಗಟ್ಟಿ ಕೂರುತ್ತದಲ್ಲ, ಅದೂ ಇದೇ. ಸಮಯ ಸಿಕ್ಕರೆ ಹರಳು ಬೆಳೆಯುತ್ತದೆ. ಕರಗಿದ ಅಲ್ಯೂಮಿನಿಯಂ ಗಟ್ಟಿಯಾಗುವಾಗ ಜರಿಗಿಡದ ಎಲೆಯಂತೆ ಕಾಂಡ, ಕೊಂಬೆ, ಉಪಕೊಂಬೆ ಚಾಚುತ್ತ ಬೆಳೆಯುವ ಹರಳಿಗೆ ಡೆಂಡ್ರೈಟ್ ಎಂದು ಹೆಸರು. ಎರಡು ಕೊಂಬೆಗಳ ನಡುವಿನ ಅಂತರವೇ ಎರಕದ ಜಾತಕ. ಅಂತರ ಕಿರಿದಾದಷ್ಟೂ ಒಳಗಿನ ಸಿಲಿಕಾನ್, ಕಬ್ಬಿಣದ ಕಣಗಳು ಸಣ್ಣ, ಬಿರುಕು ಹುಟ್ಟುವ ಜಾಗ ಕಡಿಮೆ, ಬಲ ಹೆಚ್ಚು.

ಈ ಅಂತರಕ್ಕೆ ಒಂದು ಸರಳ ಲೆಕ್ಕವಿದೆ. ಸೆಕೆಂಡಿಗೆ ಎಷ್ಟು ಡಿಗ್ರಿ ತಣಿಯುತ್ತದೆ ಎಂಬ ಸಂಖ್ಯೆಯ ಘನಮೂಲದಿಂದ 50 ಅನ್ನು ಭಾಗಿಸಿದರೆ, ಸುಮಾರಾಗಿ, ಮೈಕ್ರಾನ್ ಲೆಕ್ಕದಲ್ಲಿ ಅಂತರ ಸಿಗುತ್ತದೆ. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ದಪ್ಪನೆಯ ಮರಳು ಎರಕ ಸೆಕೆಂಡಿಗೆ ಒಂದು ಡಿಗ್ರಿ ತಣಿದರೆ ಅಂತರ 50 ಮೈಕ್ರಾನ್. ಸೆಕೆಂಡಿಗೆ 1000 ಡಿಗ್ರಿಯಾದರೆ 5. ಸೆಕೆಂಡಿಗೆ 10 ಲಕ್ಷ ಡಿಗ್ರಿಯಾದರೆ ಅರ್ಧ ಮೈಕ್ರಾನ್. ಹತ್ತು ಪಟ್ಟು ಸಣ್ಣ ಮಾಡಬೇಕಾದರೆ ಸಾವಿರ ಪಟ್ಟು ಬೇಗ ತಣಿಸಬೇಕು. ಇಲ್ಲಿಯೇ ಜನ ಮುಗ್ಗರಿಸುವುದು. ಮಂಜುಗಡ್ಡೆಯ ನೀರು ಬಳಸಿದರೆ ಸಾಲದೆ ಎಂದು ಕೇಳುತ್ತಾರೆ. ಸಾಲದು. 30 ಡಿಗ್ರಿಯ ನೀರಿನ ಬದಲು 0 ಡಿಗ್ರಿಯ ನೀರು ತಂದರೆ, 700 ಡಿಗ್ರಿಯ ಲೋಹಕ್ಕೆ ಅದು ಲೆಕ್ಕಕ್ಕಿಲ್ಲ. ಲೆಕ್ಕಕ್ಕೆ ಬರುವುದು ದಪ್ಪ. ನಮ್ಮ ಕಡೆಯ ತೆಳ್ಳೇವು ಕಾವಲಿಗೆ ಬಿದ್ದ ಕ್ಷಣದಲ್ಲೇ ಬೇಯುವುದು ಕಾವಲಿ ಹೆಚ್ಚು ಕಾದಿದೆ ಎಂದಲ್ಲ, ಹಿಟ್ಟು ಕಾಗದದಷ್ಟು ತೆಳ್ಳಗಿದೆ ಎಂದು. ಶಾಖ ಒಳಗೆ ಹೋಗುವುದಕ್ಕೂ ಹೊರಗೆ ಬರುವುದಕ್ಕೂ ನಿಯಮ ಒಂದೇ. ಸೆಕೆಂಡಿಗೆ ಲಕ್ಷಗಟ್ಟಲೆ ಡಿಗ್ರಿ ಬೇಕಾದರೆ ಲೋಹ 50 ಮೈಕ್ರಾನ್ ಒಳಗಿರಬೇಕು. ಬೆರಳು ದಪ್ಪದ ಸರಳನ್ನು ಆ ವೇಗದಲ್ಲಿ ತಣಿಸುವ ಉಪಾಯ ಲೋಕದಲ್ಲಿ ಇಲ್ಲ.

ಹಾಗಾಗಿ ಕೆಲಸ ಎರಡು ಭಾಗವಾಗುತ್ತದೆ. ಮೊದಲ ಮೂರು ಹಂತಗಳನ್ನು ಸಣ್ಣ ಎರಕಶಾಲೆಯಲ್ಲಿ ಅಥವಾ ಕಾಲೇಜಿನ ವರ್ಕ್‌ಶಾಪಿನಲ್ಲಿ ಮಾಡಬಹುದು. ನಾಲ್ಕನೆಯದಕ್ಕೆ ಕಾಲೇಜಿನ ಪ್ರಯೋಗಾಲಯ ಸಾಕು. ಉಳಿದ ಎರಡನ್ನು ಸಂಶೋಧನಾ ಪ್ರಯೋಗಾಲಯದಲ್ಲಿ ಮಾತ್ರ.

ಬೇಕಾದ ಸಾಮಾನು: ಅರ್ಧ ಕಿಲೋ ಲೋಹ ಹಿಡಿಯುವ ಗ್ರಾಫೈಟ್ ಮೂಸೆ, 800 ಡಿಗ್ರಿ ಮುಟ್ಟುವ ವಿದ್ಯುತ್ ಕುಲುಮೆ, ಕೆ ಮಾದರಿಯ ಉಷ್ಣಯುಗ್ಮ (ಕರಗಿದ ಲೋಹದ ಉಷ್ಣತೆ ಅಳೆಯುವ ತಂತಿ), ಎರಡು ತಾಮ್ರದ ದಿಮ್ಮಿ, ಮುಖಕವಚ, ಚರ್ಮದ ಏಪ್ರನ್, ಚರ್ಮದ ಬೂಟು. ನೈಲಾನ್ ಅಂಗಿ ಹಾಕಿಕೊಂಡು ಬರಬೇಡಿ. ಹತ್ತಿಯದೇ ಇರಲಿ. ಸಿಮೆಂಟ್ ನೆಲದ ಮೇಲೆ ಒಣ ಮರಳು ಹಾಸಿ. ಕರಗಿದ ಲೋಹ ಬಿದ್ದರೆ ಸಿಮೆಂಟಿನೊಳಗಿನ ತೇವ ಉಬ್ಬಿ ಚೂರು ಸಿಡಿಯುತ್ತದೆ. ಸಮುದ್ರತೀರದ ಮರಳು ಧಾರಾಳ ಸಿಗುತ್ತದೆ ಎಂದು ಹಾಗೆಯೇ ತುಂಬಿ ತರಬೇಡಿ. ಉಪ್ಪು ತೇವವನ್ನು ಹಿಡಿದಿಡುತ್ತದೆ. ತೊಳೆದು, ಹುರಿದು ಒಣಗಿಸಿದ ಮರಳು ಬೇಕು.

ಹಂತ 1: ಮಿಶ್ರಲೋಹ ಆರಿಸುವುದು

ಮೊದಲ ಪ್ರಯೋಗಕ್ಕೆ ಎಲ್‌ಎಂ25 ಗಟ್ಟಿ ತೆಗೆದುಕೊಳ್ಳಿ. ಸುಮಾರು ನೂರಕ್ಕೆ 7 ಪಾಲು ಸಿಲಿಕಾನ್, ಅಲ್ಪ ಮೆಗ್ನೀಷಿಯಂ ಇರುವ ಈ ಎರಕದ ಲೋಹ ಬೆಳಗಾವಿ, ಹುಬ್ಬಳ್ಳಿ ಕಡೆಯ ಎರಕಶಾಲೆಗಳಿಗೆ ಪರಿಚಿತ. ಇದರಲ್ಲಿ ಡೆಂಡ್ರೈಟ್ ಚೆನ್ನಾಗಿ ಕಾಣುತ್ತದೆ. ಎಲ್‌ಎಂ6 ಅಗ್ಗವಾಗಿ ಸಿಕ್ಕಿತೆಂದು ತಂದರೆ ಅದರ ಸಿಲಿಕಾನ್ 12ರ ಹತ್ತಿರ. ಅಳೆಯಲು ಕೊಂಬೆಗಳೇ ಅಷ್ಟಾಗಿ ಸಿಗುವುದಿಲ್ಲ.

ಗುಜರಿ ಬಳಸಬಹುದೆ ಎಂಬುದು ಮುಂದಿನ ಪ್ರಶ್ನೆ. ಹಳೆಯ ಪಿಸ್ಟನ್, ಕಿಟಕಿ ಚೌಕಟ್ಟು, ಪಾತ್ರೆ ಎಲ್ಲವನ್ನೂ ಒಂದೇ ಮೂಸೆಗೆ ಹಾಕಿದರೆ ನಿಮ್ಮ ಕೈಯಲ್ಲಿ ಏನಿದೆ ಎಂದು ನಿಮಗೇ ತಿಳಿಯುವುದಿಲ್ಲ. ಗುಜರಿಯ ದೊಡ್ಡ ಕಾಯಿಲೆ ಕಬ್ಬಿಣ. ಘನ ಅಲ್ಯೂಮಿನಿಯಂ ಸಾಮಾನ್ಯ ಸ್ಥಿತಿಯಲ್ಲಿ ಹೆಚ್ಚೆಂದರೆ ನೂರಕ್ಕೆ 0.05 ಪಾಲು ಕಬ್ಬಿಣವನ್ನು ಮಾತ್ರ ತನ್ನೊಳಗೆ ಕರಗಿಸಿಕೊಳ್ಳುತ್ತದೆ. ಉಳಿದದ್ದು, ಸಿಲಿಕಾನ್ ಇದ್ದರೆ, ಸೂಜಿಯಂಥ ಹರಳಾಗಿ ಲೋಹವನ್ನು ಒಳಗಿನಿಂದಲೇ ಕುಯ್ಯುತ್ತದೆ. ಬೇಗ ತಣಿಸಿದರೆ ಈ ಸೂಜಿಗಳೂ ಮೊಟಕಾಗುತ್ತವೆ. ನಿಜ ಹೇಳಬೇಕೆಂದರೆ ನಮ್ಮ ಊರಿನ ಎರಕಶಾಲೆಗಳಿಗೆ ಈ ವಿದ್ಯೆಯ ದೊಡ್ಡ ಉಪಯೋಗ ಇದೇ ಎಂದು ನನ್ನ ಎಣಿಕೆ. ಆದರೆ ಮೊದಲ ಸಲವೇ ಗುಜರಿಯಲ್ಲಿ ಪ್ರಯೋಗ ಬೇಡ.

ಹಂತ 2: ಕರಗಿಸುವುದು

ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತದೆ. ಎಲ್‌ಎಂ25 ಅದಕ್ಕಿಂತ ಸ್ವಲ್ಪ ಮೊದಲೇ. 740ರ ಹತ್ತಿರ ನಿಲ್ಲಿಸಿ. ತೆಳು ಅಚ್ಚು ತುಂಬಬೇಕಾದ್ದರಿಂದ ಮಾಮೂಲಿಗಿಂತ ಸ್ವಲ್ಪ ಹೆಚ್ಚು ಬಿಸಿ ಬೇಕು. ಕಲಕುವ ಕಬ್ಬಿಣದ ಸರಳಿಗೆ ಬೋರಾನ್ ನೈಟ್ರೈಡ್ ಅಥವಾ ಚೀನಾಮಣ್ಣಿನ ಲೇಪ ಬಳಿದು ಒಣಗಿಸಿ. ಇಲ್ಲದಿದ್ದರೆ ಸರಳೇ ಕರಗಿ ಕಬ್ಬಿಣ ಸೇರುತ್ತದೆ.

ಕರಾವಳಿಯವರಿಗೆ ವಿಶೇಷ ತಲೆನೋವು ಹೈಡ್ರೋಜನ್. ಗಾಳಿಯ ತೇವ ಕರಗಿದ ಅಲ್ಯೂಮಿನಿಯಂ ಅನ್ನು ಮುಟ್ಟಿದರೆ ಆಮ್ಲಜನಕ ಲೋಹಕ್ಕೆ ಅಂಟಿ ಕಿಟ್ಟವಾಗುತ್ತದೆ, ಹೈಡ್ರೋಜನ್ ಒಳಗೆ ಇಳಿಯುತ್ತದೆ. ಕರಗುವ ಬಿಂದುವಿನಲ್ಲಿ 100 ಗ್ರಾಂ ದ್ರವ ಸುಮಾರು 0.7 ಮಿಲಿಲೀಟರ್ ಹೈಡ್ರೋಜನ್ ಹಿಡಿಯುತ್ತದೆ. ಘನವಾದ ಕೂಡಲೇ ಅದರ ಇಪ್ಪತ್ತರಲ್ಲಿ ಒಂದು ಪಾಲನ್ನಷ್ಟೇ ಇಟ್ಟುಕೊಳ್ಳುತ್ತದೆ. ಮಿಕ್ಕದ್ದು ಗುಳ್ಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾರವಾರದಲ್ಲಿ ಗೋಡೆಯೇ ಬೆವರುವಾಗ ಈ ತೊಂದರೆ ಇಮ್ಮಡಿಯಾಗುತ್ತದೆ. ಸಾಧ್ಯವಾದರೆ ಡಿಸೆಂಬರ್‌ನಿಂದ ಫೆಬ್ರವರಿಯೊಳಗೆ ಕೆಲಸ ಇಟ್ಟುಕೊಳ್ಳಿ. ಗಟ್ಟಿಗಳನ್ನು 200 ಡಿಗ್ರಿಯಲ್ಲಿ ಒಂದು ಗಂಟೆ ಒಣಗಿಸಿದ ಮೇಲೆಯೇ ಮೂಸೆಗೆ ಹಾಕಿ. ಒದ್ದೆ ಗಟ್ಟಿಯನ್ನು ಕರಗಿದ ಲೋಹಕ್ಕೆ ಹಾಕಿದರೆ ನೀರು ಕ್ಷಣದಲ್ಲಿ ಹಬೆಯಾಗಿ ಲೋಹವನ್ನು ಸೂರಿಗೆ ಎರಚುತ್ತದೆ. ಕರಗಿದ ಮೇಲೆ ಗ್ರಾಫೈಟ್ ನಳಿಕೆಯಿಂದ ಆರ್ಗಾನ್ ಅನಿಲವನ್ನು ಐದು ನಿಮಿಷ ಮೆಲ್ಲಗೆ ಹಾಯಿಸಿದರೆ ಹೈಡ್ರೋಜನ್ ಗುಳ್ಳೆಯ ಜೊತೆ ಮೇಲೆ ಬರುತ್ತದೆ. ಅಂಗಡಿಯಲ್ಲಿ ಸಿಗುವ ಅನಿಲ ತೆಗೆಯುವ ಮಾತ್ರೆಗಳು ಕ್ಲೋರಿನ್ ಹೊಗೆ ಬಿಡುತ್ತವೆ. ಮುಚ್ಚಿದ ಕೋಣೆಯಲ್ಲಿ ಅವನ್ನು ಬಳಸಲೇಬೇಡಿ.

ಹಂತ 3: ತಾಮ್ರದ ಬೆಣೆ ಅಚ್ಚು

ಇಡೀ ಪ್ರಯೋಗದ ಜೀವ ಇಲ್ಲಿದೆ. ತಾಮ್ರದ ಎರಡು ದಿಮ್ಮಿ, ಒಂದೊಂದೂ 120 ಮಿಲಿಮೀಟರ್ ಎತ್ತರ, 70 ಅಗಲ, 25 ದಪ್ಪ. ಎರಡನ್ನೂ ಎದುರುಬದುರು ನಿಲ್ಲಿಸಿ, ಪಕ್ಕಗಳಲ್ಲಿ ಓರೆಯಾದ ಉಕ್ಕಿನ ಪಟ್ಟಿ ಇಟ್ಟು ಬೋಲ್ಟ್ ಬಿಗಿದರೆ ನಡುವೆ ಬೆಣೆಯಾಕಾರದ ಟೊಳ್ಳು ಉಳಿಯುತ್ತದೆ: ತಳದಲ್ಲಿ 1.5 ಮಿಲಿಮೀಟರ್, ಬಾಯಲ್ಲಿ 12. ಒಂದೇ ಎರಕದಲ್ಲಿ ಕೆಳಗೆ ಅತಿ ಬೇಗ, ಮೇಲೆ ನಿಧಾನವಾಗಿ ತಣಿದ ಲೋಹ ನಿಮಗೆ ಸಿಗುತ್ತದೆ. ತುದಿಯಲ್ಲಿ ವೇಗ ಸೆಕೆಂಡಿಗೆ ಸಾವಿರ ಡಿಗ್ರಿಯ ಹತ್ತಿರಕ್ಕೆ ಹೋಗಬಲ್ಲದು. ಇನ್ನೂ ತೆಳುವಾಗಿ ಅರ್ಧ ಮಿಲಿಮೀಟರ್ ಮಾಡುವ ಆಸೆ ಬರುತ್ತದೆ, ಬೇಡ. ಅಲ್ಯೂಮಿನಿಯಂನ ಮೇಲ್ಮೈ ಬಿಗಿತದಿಂದ ಲೋಹ ಅಷ್ಟು ಕಿರಿದಾದ ಸಂದಿಗೆ ತಾನಾಗಿ ಇಳಿಯುವುದಿಲ್ಲ.

ದಿಮ್ಮಿ ಇಷ್ಟು ದಪ್ಪ ಏಕೆ? ಟೊಳ್ಳಿನಲ್ಲಿ ಹಿಡಿಯುವ ಲೋಹ 85 ಗ್ರಾಂ ಆಸುಪಾಸು. ಅದು ಗಟ್ಟಿಯಾಗಿ ತಣಿಯುವಾಗ ಬಿಡುವ ಶಾಖ ಸುಮಾರು 80 ಕಿಲೋಜೌಲ್. ಮೂರು ಮುಕ್ಕಾಲು ಕಿಲೋ ತಾಮ್ರ ಅದನ್ನು ನುಂಗಿ 55 ಡಿಗ್ರಿಯಷ್ಟು ಮಾತ್ರ ಬಿಸಿಯಾಗುತ್ತದೆ. ದುಡ್ಡು ಉಳಿಸಲು ತೆಳು ತಗಡು ಹಾಕಿದರೆ ತಾಮ್ರವೇ ಕಾದು, ಅಲ್ಯೂಮಿನಿಯಂ ಅದಕ್ಕೆ ಬೆಸೆದುಕೊಳ್ಳುತ್ತದೆ. ಇವೆರಡೂ ಸೇರಿದರೆ 548 ಡಿಗ್ರಿಗೇ ಕರಗುವ ಮಿಶ್ರಣವಾಗುವುದರಿಂದ ಅಚ್ಚು ಹಾಳಾಗುವುದು ಖಚಿತ. ಗ್ರಾಫೈಟಿನ ತೆಳು ಲೇಪ, ಪೆನ್ಸಿಲ್ ಉಜ್ಜಿದಷ್ಟು, ಸಾಕು. ದಪ್ಪ ಬಳಿದರೆ ಅದೇ ಕಂಬಳಿಯಾಗಿ ಶಾಖವನ್ನು ತಡೆಯುತ್ತದೆ.

ಹೊಯ್ಯುವ ಮೊದಲು ಅಚ್ಚನ್ನು 150 ಡಿಗ್ರಿಗೆ ಕಾಯಿಸಿ, 60 ಡಿಗ್ರಿಯವರೆಗೆ ಆರಲು ಬಿಡಿ. ಇದನ್ನು ಬಿಟ್ಟವನು ನಾನೇ. ಒಂದು ಜುಲೈ ಬೆಳಿಗ್ಗೆ ರಾತ್ರಿಯೆಲ್ಲ ತಣ್ಣಗೆ ನಿಂತ ಅಚ್ಚಿಗೆ ನೇರವಾಗಿ ಹೊಯ್ದೆ. ತಾಮ್ರದ ಮೇಲೆ ಬೆರಳು ಎಳೆದರೆ ಗೆರೆ ಮೂಡುವಷ್ಟು ಇಬ್ಬನಿ ಕೂತಿದ್ದು ಆಮೇಲೆ ತಿಳಿಯಿತು. ಏಪ್ರನ್ ಮೇಲೆ ಕಡಲೆಕಾಳಿನಷ್ಟು ಎರಡು ತೂತು ಇಂದಿಗೂ ಇವೆ.

ಹೊಯ್ಯುವುದು ಒಂದೇ ಧಾರೆಯಲ್ಲಿ, ನಿಲ್ಲಿಸದೆ. ಎರಡು ಸೆಕೆಂಡಿನೊಳಗೆ ಮುಗಿಯಬೇಕು. ಮಧ್ಯದಲ್ಲಿ ಕೈ ಅಳುಕಿದರೆ ಪದರ ಪದರವಾಗಿ ಸೀಳು ಉಳಿಯುತ್ತದೆ. ಬೇಗ ತಣಿಯಲಿ ಎಂದು ಅಚ್ಚಿಗೆ ನೀರು ಸುರಿಯುವವರೂ ಇದ್ದಾರೆ. ತುದಿಯ ಲೋಹ ಆ ಹೊತ್ತಿಗೆ ಗಟ್ಟಿಯಾಗಿ ಮುಗಿದಿರುತ್ತದೆ. ಉಳಿಯುವುದು ಅಪಾಯ ಮಾತ್ರ.

ಹಂತ 4: ನೋಡುವುದು, ಅಳೆಯುವುದು

ಬೆಣೆಯನ್ನು ಉದ್ದಕ್ಕೆ ಗರಗಸದಿಂದ ಸೀಳಿ. 220ರಿಂದ 1200ರವರೆಗಿನ ನಂಬರಿನ, ನೀರಿನಲ್ಲಿ ಉಜ್ಜುವ ಮರಳು ಕಾಗದದಲ್ಲಿ ನಲ್ಲಿಯ ಕೆಳಗೆ ಉಜ್ಜಿ, ಹಿತ್ತಾಳೆ ಹೊಳಪಿಸುವ ದ್ರಾವಣದಿಂದ ಕನ್ನಡಿಯಂತೆ ಮಾಡಿ. ಆಮೇಲೆ 100 ಮಿಲಿಲೀಟರ್ ನೀರಿಗೆ 10 ಗ್ರಾಂ ಕಾಸ್ಟಿಕ್ ಸೋಡಾ ಬೆರೆಸಿದ ದ್ರಾವಣದಲ್ಲಿ ಕೆಲವು ಸೆಕೆಂಡು ಅದ್ದಿ ತೊಳೆಯಿರಿ. ಕನ್ನಡಕ, ಕೈಗವಸು ಕಡ್ಡಾಯ. ದ್ರಾವಣವನ್ನು ಗಾಜು ಅಥವಾ ಪ್ಲಾಸ್ಟಿಕ್ ಪಾತ್ರೆಯಲ್ಲಿ ಮಾಡಿ. ಅಲ್ಯೂಮಿನಿಯಂ ಪಾತ್ರೆಯಲ್ಲಿ ಕಲಸಿದರೆ ಪಾತ್ರೆಯನ್ನೇ ತಿಂದು ಹೈಡ್ರೋಜನ್ ಉಕ್ಕುತ್ತದೆ. ಪುಸ್ತಕಗಳಲ್ಲಿ ಹೈಡ್ರೋಫ್ಲೋರಿಕ್ ಆಮ್ಲ ಇರುವ ದ್ರಾವಣಗಳ ಹೆಸರು ಬರುತ್ತದೆ. ಅದು ಚರ್ಮದೊಳಗೆ ಇಳಿದು ಮೂಳೆಯವರೆಗೆ ಹೋಗುವ ವಿಷ. ತರಬೇತಾದವರ ಪ್ರಯೋಗಾಲಯದ ಹೊರಗೆ ಅದನ್ನು ಮುಟ್ಟಬೇಡಿ.

ಸೂಕ್ಷ್ಮದರ್ಶಕದ ವಿಷಯದಲ್ಲಿ ಒಂದು ಪೇಚು. ಜೀವಶಾಸ್ತ್ರ ವಿಭಾಗದಿಂದ ಎರವಲು ತಂದದ್ದು ಕೆಲಸಕ್ಕೆ ಬಾರದು. ಅದರ ಬೆಳಕು ಕೆಳಗಿನಿಂದ ಬರುತ್ತದೆ, ಲೋಹದ ಮೂಲಕ ಹಾಯುವುದಿಲ್ಲ. ಮೇಲಿನಿಂದ ಬೆಳಕು ಬೀಳುವ ಲೋಹಶಾಸ್ತ್ರದ ಸೂಕ್ಷ್ಮದರ್ಶಕ ಬೇಕು; ಮೆಕ್ಯಾನಿಕಲ್ ವಿಭಾಗವಿರುವ ಕಾಲೇಜುಗಳಲ್ಲಿ ಕೇಳಿ ನೋಡಿ. ಒಂದು ಕಾಂಡದ ಉದ್ದಕ್ಕೆ ಸಾಲಾಗಿರುವ ಕೊಂಬೆಗಳನ್ನು ಎಣಿಸಿ, ಮೊದಲ ಕೊಂಬೆಯಿಂದ ಕೊನೆಯದರವರೆಗಿನ ಉದ್ದವನ್ನು ಕೊಂಬೆಗಳ ಸಂಖ್ಯೆಯಲ್ಲಿ ಒಂದು ಕಳೆದು ಬಂದದ್ದರಿಂದ ಭಾಗಿಸಿ. ಬೆಣೆಯ ತುದಿ, ನಡು, ಬಾಯಿ, ಮೂರೂ ಕಡೆ ಕನಿಷ್ಠ ಹತ್ತು ಹತ್ತು ಅಳತೆ ಇರಲಿ. ಮೇಲಿನ ಘನಮೂಲದ ಲೆಕ್ಕವನ್ನು ತಿರುಗಿಸಿದರೆ ಆ ಜಾಗ ಎಷ್ಟು ವೇಗದಲ್ಲಿ ತಣಿಯಿತೆಂದು ಗೊತ್ತಾಗುತ್ತದೆ.

ಗಡಸುತನವನ್ನೂ ಅಳೆಯಿರಿ. ಆದರೆ ಇಂದು ತುದಿ, ಮುಂದಿನ ವಾರ ಬಾಯಿ ಎಂದು ಮಾಡಬೇಡಿ. ಮೆಗ್ನೀಷಿಯಂ ಇರುವ ಈ ಲೋಹ ಸುಮ್ಮನೆ ಇಟ್ಟರೂ ದಿನಗಳೆದಂತೆ ಗಡಸಾಗುತ್ತದೆ, ಹೋಲಿಕೆ ಕೆಡುತ್ತದೆ.

ಎರಕಶಾಲೆಯವರಿಗೆ ಹೇಳುವುದಾದರೆ ನಿಮ್ಮ ಹಾದಿ ಬಹುಪಾಲು ಇಲ್ಲಿಗೇ ಮುಗಿಯಿತು. ಮರಳಿನ ಅಚ್ಚಿನಲ್ಲಿ ದಪ್ಪ ಜಾಗಗಳಿಗೆ ಲೋಹದ ತುಂಡು ಕೂರಿಸಿ ತಣಿಸುವುದು, ಸಾಧ್ಯವಾದಲ್ಲಿ ಗೋಡೆಯನ್ನು ತೆಳುಗೊಳಿಸುವುದು, ನೂರಕ್ಕೆ 0.02 ಪಾಲು ಸ್ಟ್ರಾಂಷಿಯಂ ಸೇರಿಸಿ ಸಿಲಿಕಾನನ್ನು ನಯ ಮಾಡುವುದು, ಕೊನೆಗೆ ಟಿ6. ಅಡಿಕೆ ಯಂತ್ರದ ಭಾಗಕ್ಕೆ ಇದಕ್ಕಿಂತ ಹೆಚ್ಚು ಬೇಡ. ಮುಂದಿನದು ವಿದ್ಯಾರ್ಥಿಗಳಿಗೆ.

ಹಂತ 5: ತಿರುಗುವ ಗಾಲಿಯ ಮೇಲೆ ಪಟ್ಟಿ

ಕ್ಯಾಲಿಫೋರ್ನಿಯಾದ ಕ್ಯಾಲ್‌ಟೆಕ್‌ನಲ್ಲಿ ಪಾಲ್ ಡುವೆ ಮತ್ತು ಸಂಗಡಿಗರು ಕರಗಿದ ಲೋಹದ ಹನಿಯನ್ನು ತಣ್ಣನೆಯ ತಾಮ್ರಕ್ಕೆ ರಾಚಿ, ಚಿನ್ನ ಮತ್ತು ಸಿಲಿಕಾನಿನ ಮಿಶ್ರಣ ಹರಳೇ ಆಗದೆ ಗಾಜಿನಂತೆ ಗಟ್ಟಿಯಾಗುವುದನ್ನು 1960ರಲ್ಲಿ ಪ್ರಕಟಿಸಿದರು. ಈ ವಿದ್ಯೆಗೆ ಅಲ್ಲಿಂದ ವೇಗ ಬಂತು. ಡಾನ್ ಶೆಕ್ಟ್‌ಮನ್ 1982ರಲ್ಲಿ ಕಂಡ, 2011ರಲ್ಲಿ ನೊಬೆಲ್ ತಂದುಕೊಟ್ಟ ಕ್ವಾಸಿಕ್ರಿಸ್ಟಲ್ (ಕ್ರಮವಿದ್ದರೂ ಒಂದೇ ವಿನ್ಯಾಸ ಮರುಕಳಿಸದ ಹರಳು) ಕೂಡ ಹೀಗೆಯೇ ಬೇಗ ತಣಿಸಿದ ಅಲ್ಯೂಮಿನಿಯಂ–ಮ್ಯಾಂಗನೀಸ್ ಪಟ್ಟಿಯಲ್ಲಿ ಸಿಕ್ಕಿದ್ದು.

ಈಗಿನ ವಿಧಾನಕ್ಕೆ ಮೆಲ್ಟ್ ಸ್ಪಿನ್ನಿಂಗ್ ಎಂದು ಹೆಸರು. ಕರಗಿದ ಲೋಹವನ್ನು ಅರ್ಧದಿಂದ ಒಂದು ಮಿಲಿಮೀಟರ್ ತೂತಿನ ಮೂತಿಯಿಂದ ಆರ್ಗಾನ್ ಒತ್ತಡದಲ್ಲಿ, ವೇಗವಾಗಿ ತಿರುಗುವ ತಾಮ್ರದ ಗಾಲಿಯ ಮೇಲೆ ಬಿಡುತ್ತಾರೆ. ಗಾಲಿಯ ಅಂಚು ಸೆಕೆಂಡಿಗೆ 20ರಿಂದ 40 ಮೀಟರ್ ಓಡಬೇಕು. 250 ಮಿಲಿಮೀಟರ್ ವ್ಯಾಸದ ಗಾಲಿಯಲ್ಲಿ 30 ಮೀಟರ್ ವೇಗಕ್ಕೆ ನಿಮಿಷಕ್ಕೆ ಸುಮಾರು 2300 ಸುತ್ತು. 30ರಿಂದ 50 ಮೈಕ್ರಾನ್ ದಪ್ಪದ ಪಟ್ಟಿ, ಶಾವಿಗೆಯಂತೆ, ಎದುರಿನ ಡಬ್ಬಿಗೆ ಹಾರುತ್ತದೆ.

ಎಡವುವ ಜಾಗ ಮೂರು. ಸ್ಫಟಿಕದ (ಕ್ವಾರ್ಟ್ಸ್) ಮೂತಿಯನ್ನು ಕರಗಿದ ಅಲ್ಯೂಮಿನಿಯಂ ಕೊರೆಯುತ್ತದೆ. ಒಳಗೆ ಬೋರಾನ್ ನೈಟ್ರೈಡ್ ಲೇಪಿಸಿ ಅಥವಾ ಗ್ರಾಫೈಟ್ ಮೂತಿ ಬಳಸಿ. ಗಾಲಿಯ ಮೇಲೆ ಬೆರಳಿನ ಜಿಡ್ಡಿದ್ದರೂ ಪಟ್ಟಿ ಅಲ್ಲಿ ಅಂಟದೆ ಹಾರಿ ದಪ್ಪವಾಗಿ ಉಳಿಯುತ್ತದೆ. ಮೂರನೆಯದು, ಪಟ್ಟಿಯ ಎರಡು ಮುಖ ಒಂದೇ ಅಲ್ಲ. ಗಾಲಿಗೆ ತಾಗಿದ ಕಡೆ ಹರಳು ಅತಿ ಸಣ್ಣ, ಗಾಳಿಯ ಕಡೆ ಸ್ವಲ್ಪ ದಪ್ಪ. ಯಾವ ಮುಖ ನೋಡುತ್ತಿದ್ದೀರಿ ಎಂದು ಬರೆದಿಟ್ಟುಕೊಳ್ಳದಿದ್ದರೆ ಫಲಿತಾಂಶ ಅರ್ಥವಾಗುವುದಿಲ್ಲ.

ಗಾಲಿಯನ್ನು ಊರಿನಲ್ಲೇ ಗ್ರೈಂಡರ್ ಮೋಟಾರಿಗೆ ಜೋಡಿಸಿ ಮಾಡುವ ಹುಮ್ಮಸ್ಸು ಕೆಲವರಿಗೆ ಇದೆ. ದಯವಿಟ್ಟು ಬೇಡ. ಆ ವೇಗದಲ್ಲಿ ಲೋಹದ ಹನಿ ಎತ್ತ ಹಾರುತ್ತದೆಂದು ಹೇಳಲಾಗದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮೆಟೀರಿಯಲ್ಸ್ ಎಂಜಿನಿಯರಿಂಗ್ ವಿಭಾಗ ಈ ಸಂಶೋಧನೆಯ ಹಳೆಯ ಮನೆ. ಪುಡಿ ಲೋಹವಿದ್ಯೆಗೆ ಹೈದರಾಬಾದಿನ ಎಆರ್‌ಸಿಐ ಎಂಬ ಸಂಶೋಧನಾ ಕೇಂದ್ರ ಇದೆ. ನಿಮ್ಮ ಬೆಣೆಯ ಅಳತೆಗಳನ್ನು ಜೊತೆಗಿಟ್ಟು, ಕಾಲೇಜಿನ ಮೂಲಕ ಪತ್ರ ಬರೆಯಿರಿ. ಬರಿಗೈಯಲ್ಲಿ ಬರೆದ ಪತ್ರಕ್ಕಿಂತ ಅದಕ್ಕೆ ತೂಕ ಹೆಚ್ಚು.

ಹಂತ 6: ಪಟ್ಟಿಯಿಂದ ಸರಳು

ಶಾವಿಗೆಯಂಥ ಪಟ್ಟಿಯಿಂದ ಪಿಸ್ಟನ್ ಆಗುವುದಿಲ್ಲವಲ್ಲ. ಅದನ್ನು ಒಟ್ಟುಗೂಡಿಸಬೇಕು, ಆದರೆ ಕರಗಿಸದೆ. ಕರಗಿಸಿದರೆ ಇಷ್ಟು ಹೊತ್ತು ಪಟ್ಟ ಪಾಡೆಲ್ಲ ನೀರಿನಲ್ಲಿ ಹೋಮ. ಪಟ್ಟಿಯನ್ನು ಚೂರು ಮಾಡಿ, ಅಲ್ಯೂಮಿನಿಯಂ ಡಬ್ಬಿಗೆ ಒತ್ತಿ ತುಂಬಿ, 350ರಿಂದ 400 ಡಿಗ್ರಿಯಲ್ಲಿ ನಿರ್ವಾತ ಎಳೆದು ಮೇಲ್ಮೈಯ ತೇವ ತೆಗೆದು, ಬಿಸಿಯಿರುವಾಗಲೇ ಕಿರಿದಾದ ತೂತಿನಿಂದ ಹಿಂಡುತ್ತಾರೆ. ಚಕ್ಕುಲಿ ಒರಳಿನ ಕೆಲಸವೇ; ಎಕ್ಸ್‌ಟ್ರೂಷನ್ ಎನ್ನುತ್ತಾರೆ. ಒಳಗಿದ್ದದ್ದರ ಅಡ್ಡಕೊಯ್ತದ ವಿಸ್ತೀರ್ಣ ಹೊರಬಂದದ್ದರ ಕನಿಷ್ಠ ಹತ್ತು ಪಟ್ಟು ಇರಬೇಕು, ಇಪ್ಪತ್ತಾದರೆ ಒಳ್ಳೆಯದು. ಅಷ್ಟು ಉಜ್ಜಿದರೆ ಮಾತ್ರ ಪ್ರತಿ ಚೂರಿನ ಮೇಲಿರುವ ಆಕ್ಸೈಡ್ ಪೊರೆ ಹರಿದು, ಲೋಹ ಲೋಹಕ್ಕೆ ಬೆಸೆಯುತ್ತದೆ.

ಆ ಬಿಸಿಯಲ್ಲಿ ಸಣ್ಣ ಹರಳು ಮತ್ತೆ ಬೆಳೆಯುವುದಿಲ್ಲವೆ? ಬೆಳೆಯುತ್ತದೆ, ಮತ್ತು ಇದು ಲೋಹವನ್ನು ಅವಲಂಬಿಸಿದೆ. ಅಲ್ಯೂಮಿನಿಯಂನಲ್ಲಿ ಸಿಲಿಕಾನ್ ಚುರುಕಾಗಿ ಓಡಾಡುತ್ತದೆ, ಕಣಗಳು ದಪ್ಪಗಾಗುತ್ತವೆ. ಕಬ್ಬಿಣ ಮತ್ತು ವನೇಡಿಯಂ ಸೋಮಾರಿಗಳು. ಅದಕ್ಕೇ 8009 ಎಂಬ ಪ್ರಸಿದ್ಧ ಮಿಶ್ರಲೋಹದಲ್ಲಿ ನೂರಕ್ಕೆ 8.5 ಪಾಲು ಕಬ್ಬಿಣ, 1.3 ವನೇಡಿಯಂ, 1.7 ಸಿಲಿಕಾನ್. ಮಾಮೂಲಿ ಎರಕದಲ್ಲಿ ಇಷ್ಟು ಕಬ್ಬಿಣ ಹಾಕಿದರೆ ಕೈಯಲ್ಲಿ ಮುರಿಯುವ ಲೋಹ ಸಿಗುತ್ತದೆ. ಕ್ಷಿಪ್ರ ಘನೀಕರಣದಿಂದ ಬಂದರೆ, ಸಾಮಾನ್ಯ ಅಲ್ಯೂಮಿನಿಯಂ ಮೆತ್ತಗಾಗುವ ಬಿಸಿಯಲ್ಲೂ ತಡೆಯುವ ಲೋಹ. ಮೊದಲ ಹಂತದಲ್ಲಿ ಕಾಯಿಲೆ ಎಂದ ಕಬ್ಬಿಣವೇ ಇಲ್ಲಿ ಔಷಧ.

ಪಟ್ಟಿಯನ್ನು ಮಿಕ್ಸಿಯಲ್ಲೋ ಬಾಲ್ ಮಿಲ್ಲಿನಲ್ಲೋ ಹಿಟ್ಟು ಮಾಡುವ ಯೋಚನೆ ಬಂದರೆ ಅಲ್ಲಿಯೇ ನಿಲ್ಲಿಸಿ. ಗಾಳಿಯಲ್ಲಿ ತೇಲುವ ಅಲ್ಯೂಮಿನಿಯಂ ಪುಡಿ ಒಂದು ಕಿಡಿಗೆ ಸ್ಫೋಟಿಸುತ್ತದೆ. ಬೆಂಕಿ ಹತ್ತಿದರೆ ನೀರು ಹಾಕಬಾರದು, ಹೈಡ್ರೋಜನ್ ಹುಟ್ಟಿ ಇನ್ನಷ್ಟು ಹೆಚ್ಚುತ್ತದೆ. ಒಣ ಮರಳು ಅಥವಾ ಲೋಹದ ಬೆಂಕಿಗೆಂದೇ ಇರುವ ಡಿ ವರ್ಗದ ಪುಡಿಯನ್ನು, ಧೂಳು ಏಳದಂತೆ ಮೆಲ್ಲಗೆ ಮುಚ್ಚಬೇಕು.

ಉಳಿದ ಎರಡು ಪ್ರಶ್ನೆಗಳು. ಇಂಥ ಸರಳನ್ನು ವೆಲ್ಡಿಂಗ್ ಮಾಡಬಹುದೆ? ಮಾಮೂಲಿ ವೆಲ್ಡಿಂಗ್ ಲೋಹವನ್ನು ಕರಗಿಸುತ್ತದೆ; ಕರಗಿದ ಜಾಗ ಸಾದಾ ಎರಕವಾಗುತ್ತದೆ. ಕರಗಿಸದೆ ಕಲಕಿ ಬೆಸೆಯುವ ಘರ್ಷಣೆ ವೆಲ್ಡಿಂಗ್, 1991ರಲ್ಲಿ ಬ್ರಿಟನ್‌ನಲ್ಲಿ ಹುಟ್ಟಿದ್ದು, ಹೊಂದುತ್ತದೆ. ಲೇಸರ್ ತ್ರೀಡಿ ಮುದ್ರಣ ಇದೇ ಜಾತಿಯದೆ? ಹೌದು. ಪುಡಿಯ ತೆಳು ಪದರವನ್ನು ಲೇಸರ್ ಕರಗಿಸಿ ಮುಂದೆ ಸರಿದಾಗ ಆ ಸಣ್ಣ ಹೊಂಡ ಸೆಕೆಂಡಿಗೆ ಲಕ್ಷಗಟ್ಟಲೆ ಡಿಗ್ರಿ ತಣಿಯುತ್ತದೆ. ಹಾಗೆ ಮುದ್ರಿಸಿದ ಭಾಗಕ್ಕೆ ಅಭ್ಯಾಸಬಲದಿಂದ ಟಿ6 ಮಾಡಿಸಬೇಡಿ. ಸಿಲಿಕಾನಿನ ಸಣ್ಣ ಬಲೆ 540 ಡಿಗ್ರಿಯಲ್ಲಿ ಒಡೆದು ಉಂಡೆಯಾಗುತ್ತದೆ, ಬಂದಿದ್ದ ಬಲದಲ್ಲಿ ಒಂದಷ್ಟು ಹೋಗುತ್ತದೆ. ಒಳಗಿನ ಸೆಳೆತ ಕಳೆಯಲು ಮೆದುವಾದ ಬಿಸಿ ಸಾಕೇ ಎಂದು ಮುದ್ರಿಸಿದವರನ್ನೇ ಮೊದಲು ಕೇಳಿ.

ಹೊಳಪಿಸಿದ ಮಾದರಿಗಳನ್ನು ಮೇಜಿನ ಮೇಲೆ ಬಿಡಬೇಡಿ. ಕಡಲ ಗಾಳಿಯ ಉಪ್ಪಿಗೆ ವಾರದೊಳಗೆ ಚುಕ್ಕಿ ಬೀಳಬಹುದು, ಆಮೇಲೆ ಯಾವುದು ಗುಳ್ಳೆ, ಯಾವುದು ಕೊರೆತ ಎಂದು ಬೇರ್ಪಡಿಸಲಾಗದು. ಬಿಗಿ ಮುಚ್ಚಳದ ಡಬ್ಬಿ, ಒಳಗೆ ಸಿಲಿಕಾ ಜೆಲ್ ಚೀಲ, ಮೇಲೆ ಹೊಯ್ದ ದಿನಾಂಕ.